ಅಲ್ಪಪ್ರಾಣದ ಹಾಡು

ಚಿರಂಜೀವಿ ಸಿದ್ದೇಶನಿಗೆ,

‘ಒತ್ತಕ್ಷರ’ ಕ್ಯಾಸೆಟ್ಟಿನ ಜೊತೆಗಿರುವ ಕಿರುಪುಸ್ತಿಕೆಯಲ್ಲಿ ನಿಮ್ಮ ತಂಡದ ಹಾಡಿನ ಕೆಳಗೆ ‘ಟೇಪು ಮುಗಿದುದರಿಂದ ಅಪೂರ್ಣ’ ಎಂದು ಅಚ್ಚಾಗಿದೆ. ಇದು ತಪ್ಪು. ಟೇಪು ಮುಗಿದಿರಲಿಲ್ಲ, ನಿನಗೆ ಉಸಿರು ಕಟ್ಟಿತ್ತು. ಧ್ವನಿಮುದ್ರಣದ ದಿನ ಹರಿಹರದಲ್ಲಿ ನಿನ್ನ ಗೆಳೆಯ ಖಲೀಲನ ಖಾಲಿ ಗೋದಾಮಿನೊಳಗೆ ಕಿವಿಗೆ ಹತ್ತಿಯಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕುಳಿತಿದ್ದವನಾದ್ದರಿಂದ ಇದನ್ನು ಹೇಳುವ ಅಧಿಕಾರ ನನಗಿದೆ.

ಹಾರ್ಡ್‌ಕೋರ್ ಪಂಕ್ ಎಂದು ನೀವು ಕರೆಯುವ ಗದ್ದಲದ ತಂಡಗಳು ನಮ್ಮ ದಾವಣಗೆರೆ, ಹರಿಹರಗಳಲ್ಲಿ ಇಷ್ಟೊಂದಿವೆ ಎಂಬುದೇ ನನಗೆ ತಿಳಿದಿರಲಿಲ್ಲ. ಅವನ್ನೆಲ್ಲ ಒಂದೇ ಕ್ಯಾಸೆಟ್ಟಿಗೆ ಸೇರಿಸಿದವಳು ನಿನ್ನ ಸಹಪಾಠಿ ಸ್ನೇಹಾ. ಸಾಲಿನ ಕೆಳಗಿದ್ದರೂ ಅದಿಲ್ಲದೆ ಪದ ನಿಲ್ಲದು ಎಂದು ಸಂಕಲನಕ್ಕೆ ಆ ಹೆಸರಿಟ್ಟಳಂತೆ. ನನ್ನ ವ್ಯಾಕರಣ ಪಾಠ ಅಲ್ಲಿಗೆ ಹೋಗಿ ತಲುಪೀತೆಂದು ನಾನು ಎಣಿಸಿರಲಿಲ್ಲ.

ಈಗ ಎರಡನೆಯ ಮುದ್ರಣ ಸಿದ್ಧವಾಗುತ್ತಿದೆ. ನಿನ್ನೆ ನೀನು ಫೋನಿನಲ್ಲಿ, “ನಮ್ದೊಂದೇ ಸಾರ್ ಅರ್ಧಕ್ಕೆ ನಿಂತೈತೆ. ಜನ ನಗ್ತಾರೆ. ತೆಗಿ ಅಂತ ಸ್ನೇಹಾಗೆ ನೀವಾದ್ರೂ ಹೇಳ್ರಿ” ಎಂದೆ. ಹೇಳಲಾರೆ. ಕಾರಣ ಕೇಳು.

ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಬೆಳೆದ ಎದೆ ನಿನ್ನದು. ಎಂಟನೆಯ ತರಗತಿಯಲ್ಲಿ ಮಹಾಪ್ರಾಣಗಳನ್ನು ಗಟ್ಟಿಯಾಗಿ ಉಚ್ಚರಿಸೆಂದಾಗ ‘ಘ’ಕಾರಕ್ಕೇ ಕೆಮ್ಮು ಬಂದು, “ನಂದೆಲ್ಲ ಅಲ್ಪಪ್ರಾಣ ಸಾರ್” ಎಂದಿದ್ದೆ. ತರಗತಿ ನಕ್ಕಿತು, ನೀನೂ ನಕ್ಕೆ. ಮುಂದೆ ಅದೇ ನಿನ್ನ ತಂಡದ ಹೆಸರಾಯಿತು.

ಗೋದಾಮಿಗೆ ನಿನ್ನ ತಾಯಿ ಭೀಮವ್ವ ಭಟ್ಟಿಯ ಕೆಲಸ ಮುಗಿಸಿ ಬಂದು ನನ್ನ ಪಕ್ಕದಲ್ಲಿ ಕುಳಿತಿದ್ದರು.

“ಹಾಡ್ತಾನೋ ಬೈತಾನೋ ಸಾರ್ ಇವ್ನು?” ಎಂದು ಕೇಳಿದರು.

“ಎರಡೂ” ಎಂದೆ.

“ಬೈಲಿ ಬಿಡ್ರಿ. ನಾನು ಬೈದ್ರೆ ಭಟ್ಟಿಯೋರು ನಾಳಿಂದ ಬರಬ್ಯಾಡ ಅಂತಾರೆ.”

ನೀನು ‘ಹೊಗಿ ಬ್ಯಾಡ’ ಎಂದು ಕೂಗುತ್ತಲೇ ಇದ್ದೆ. ಕೊನೆಯ ಸಲ ‘ಬ್ಯಾಡ’ ಎಂಬುದಷ್ಟೇ ಬಂತು. ಗಿಟಾರೂ ನಿಂತಿತು, ನಿನ್ನ ಎದೆಯ ಸಿಳ್ಳು ಮಾತ್ರ ಧ್ವನಿವರ್ಧಕದಲ್ಲಿ ಕೇಳುತ್ತಿತ್ತು. ಭೀಮವ್ವ ಎದ್ದು ನಿಂತರು. ಅಂದು ಬೇರಾವ ಹಾಡಿಗೂ ಅವರು ಎದ್ದಿರಲಿಲ್ಲ.

ಇದರಲ್ಲಿ ಅಪೂರ್ಣವಾದದ್ದು ಯಾವುದು? ‘ಕ’ ಎಂಬುದು ‘ಖ’ದ ಅರ್ಧವಲ್ಲ, ಸಿದ್ದೇಶ, ಅದು ತಾನೇ ಒಂದು ಅಕ್ಷರ. ಹೊಗೆಯನ್ನು ಕುರಿತ ಹಾಡು ಉಸಿರು ಕಟ್ಟಿ ನಿಂತಿದ್ದರೆ, ನಿಲ್ಲಬೇಕಾದಲ್ಲಿಯೇ ನಿಂತಿದೆ.

ಇನ್ನೊಂದು ತಿದ್ದುಪಡಿ. ಪುಸ್ತಿಕೆಯಲ್ಲಿ ಯಾರೋ ನಿನ್ನ ‘ಬ್ಯಾಡ’ವನ್ನು ‘ಬೇಡ’ ಮಾಡಿದ್ದಾರೆ. ಹಾಡು ಉಳಿದರೆ ‘ಬ್ಯಾಡ’ ಎಂದೇ ಅಚ್ಚಾಗಬೇಕೆಂದು ಸ್ನೇಹಾಗೆ ತಿಳಿಸಿದ್ದೇನೆ. ಕೂಗಿದ್ದನ್ನು ಕೂಗಿದಂತೆ ಬರೆಯುವುದೇ ಶುದ್ಧ ಬರಹ.

ನಿನ್ನ ಒಪ್ಪಿಗೆಯಿಲ್ಲದೆ ಹಾಡನ್ನು ಸೇರಿಸುವುದಿಲ್ಲ ಎನ್ನುತ್ತಾಳೆ ಅವಳು, ಅದು ನ್ಯಾಯ. ಅವಳಿಗೆ ದೀರ್ಘವಾಗಿ ಬರೆಯುವ ಶ್ರಮ ನಿನಗೆ ಬೇಡ. ‘ಇರಲಿ’ ಎಂದರೆ ಸಾಕು. ಒಂದೇ ಪದವಾದರೂ ಅದು ಪೂರ್ಣವಾಕ್ಯ.

ನಿನ್ನ ಉಸಿರು ನಿನ್ನದೇ ಅಳತೆಯಲ್ಲಿ ಬಹುಕಾಲ ಸಾಗಲೆಂದು ಹರಸುವ,

ನಿನ್ನ ಕನ್ನಡ ಮೇಷ್ಟ್ರು
ಕೊಟ್ಟೂರಪ್ಪ
ನಿಟ್ಟುವಳ್ಳಿ, ದಾವಣಗೆರೆ
೧೬ ನವೆಂಬರ್ ೨೦೨೫, ಭಾನುವಾರ, ಬೆಳಿಗ್ಗೆ ೭ ಗಂಟೆ ೧೦ ನಿಮಿಷ