ಎಡಕ್ಕೆ ವಾಲುತ್ತಿದ್ದ ಸಂತರು

ಅಪ್ಪಾ,

ಬೆಟಗೇರಿಯಲ್ಲಿ ಇವತ್ತು ಸಂತ ಅಂತೋನಿಯವರ ಹಬ್ಬ. ನೀನು ಹೋದ ಮೇಲೆ ಇದೇ ಮೊದಲನೆಯದು. ಮೆರವಣಿಗೆಯಲ್ಲಿ ಪಲ್ಲಕ್ಕಿಯ ಎಡಗಡೆ, ನಿನ್ನ ಜಾಗದಲ್ಲಿ ನಾನು ಹೆಗಲು ಕೊಟ್ಟೆ. ನೀನು ಕುಳ್ಳ, ಸಂತರ ಪ್ರತಿಮೆ ಯಾವಾಗಲೂ ನಿನ್ನ ಕಡೆಗೇ ವಾಲುತ್ತಿತ್ತು. ಹೆಗಲ ಮೇಲೆ ಟವೆಲ್ ಮಡಚಿ ಇಟ್ಟುಕೋ ಎಂದು ಎಷ್ಟು ಹೇಳಿದರೂ ನೀನು ಕೇಳಲಿಲ್ಲ. ಈ ಸಲ ಪಲ್ಲಕ್ಕಿ ನೆಟ್ಟಗೆ ಸಾಗಿತು. ಫಾದರ್ ಕೂಡ ಮೆಚ್ಚಿದರು.

ನೇಕಾರರ ಓಣಿಯಲ್ಲಿ ಮುದುಕಿ ಉಡಚವ್ವ ಎಂದಿನಂತೆ ಎಡಗಡೆಯ ತನ್ನ ಕಟ್ಟೆಯ ಮೇಲೆ ಮೇಣದಬತ್ತಿ ಹಿಡಿದು ಕುಳಿತಿದ್ದಳು.

"ಪ್ರತಿ ವರ್ಷ ನನ್ನ ಕಡಿ ಬಾಗಿ ನೋಡ್ತಿದ್ದ ಅಂತೋಣಪ್ಪ. ಈ ಸಲ ಯಾಕ ನೋಡವಲ್ಲ, ತಮ್ಮಾ?" ಎಂದಳು.

ನಾನು ಮೊಣಕಾಲು ಬಗ್ಗಿಸಿ, ಅವಳ ಮನೆ ದಾಟುವವರೆಗೂ ನಿನ್ನಷ್ಟೇ ಎತ್ತರದಲ್ಲಿ ನಡೆದೆ.