ಒಂದೇ ಕಡೆ ಕೇಳಿದ ಫೋನು

ಆಳಂದ
12-7-1994

ತೀರ್ಥರೂಪ ಅಪ್ಪನವರಿಗೆ ಗೌರಾಬಾಯಿಯ ಶರಣು.

ನಿನ್ನೆ ಇಲ್ಲಿ ಚಿಕ್ಕಮ್ಮನ ಮನೆಯಿಂದ ಯಡ್ರಾಮಿಯ ನಮ್ಮ ಮನೆಗೆ ಫೋನು ಮಾಡಿದ್ದು ನಾನೇ. ನೀವು ಬರೀ "ಹಲೋ, ಹಲೋ" ಅನ್ನುತ್ತಿದ್ದಿರಿ. ನನ್ನ ದನಿ ನಿಮಗೆ ಕೇಳಲಿಲ್ಲ, ನಿಮ್ಮದು ನನಗೆ ಕೇಳಿತು. ರಿಸೀವರ್ ಕೈಯಲ್ಲಿ ಹಿಡಿದುಕೊಂಡೇ ಅವ್ವನಿಗೆ ಹೇಳಿದಿರಿ: "ಗೌರಾಂದು ಸಾಲಿ ನೌಕರಿ ಆರ್ಡರ್ ಬಂದಿತ್ತು, ಒಲಿಗೆ ಹಾಕೀನಿ. ಅಕಿಗೆ ಹೇಳಬ್ಯಾಡ, ಮೊದಲ ಮದವಿ ಆಗ್ಲಿ."

ತಿಂಗಳಿಡೀ ಆ ಆರ್ಡರ್ ಬಂತೇ ಎಂದು ನಿಮ್ಮನ್ನೇ ಕೇಳಿದೆ. "ಬರ್ತದ ತಗೋ ಮಗಳ" ಎಂದು ತಲೆ ಸವರಿದಿರಿ.

ಇಂದು ಇಲ್ಲಿನ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ ಅದರ ನಕಲು ಪಡೆದೆ. ಸೋಮವಾರ ಹಿರೋಳ್ಳಿ ಶಾಲೆಗೆ ಹಾಜರಾಗುತ್ತೇನೆ.

ಇಲ್ಲಿಂದ ಬೇರೆಯವರಿಗೆ ಫೋನು ಮಾಡಿ ನೋಡಿದೆ, ನನ್ನ ದನಿ ಸರಿಯಾಗಿ ಕೇಳುತ್ತದೆ. ದೋಷ ನಿಮ್ಮ ರಿಸೀವರಿನಲ್ಲಿದೆ, ಲೈನ್‌ಮನ್‌ಗೆ ತೋರಿಸಿರಿ.

ನನ್ನ ಅಂಕಪಟ್ಟಿಗಳನ್ನು ಅವ್ವನ ಕೈಯಲ್ಲಿ ಕಳಿಸಿರಿ. ನೀವು ಬರುವುದು ಬೇಡ.

ನಿಮ್ಮ ಮಗಳು,
ಗೌರಾಬಾಯಿ