ಅಮ್ಮನಿಗೆ ನೀನೇ ಹೇಳು

ಪುಟ್ಟಿ,

ನಾನು ಶಾಲೆಗೆ ಹೊರಟೆ. ಇವತ್ತೂ ಬರದಿದ್ದರೆ ಬೇರೆ ಟೀಚರನ್ನು ನೋಡಿಕೊಳ್ಳುತ್ತೇವೆ ಎಂದಿದ್ದಾರೆ ಹೆಡ್‌ಮಿಸ್. ನಿನ್ನೆ ತಲೆಸ್ನಾನ ಮಾಡಿದ್ದಕ್ಕೇ ಸಂಜೆತನಕ ಏಳಲಾಗಲಿಲ್ಲ, ನೀನೇ ನೋಡಿದೆಯಲ್ಲ. ಇವತ್ತು ದುಡಿದರೆ ವಾರವಿಡೀ ಹಾಸಿಗೆ ಹಿಡಿಯುತ್ತೇನೆ. ಗೊತ್ತಿದ್ದೇ ಹೋಗುತ್ತಿದ್ದೇನೆ, ಬೈಯಬೇಡ.

ಕೆಳಗಿನ ಕೋಣೆಯಲ್ಲೇ ಹಾಸಿಗೆ ಹಾಸಿಡು, ಮೆಟ್ಟಿಲು ಹತ್ತಲಾರೆ. ಪರದೆ ಎಳೆದಿಡು. ಬಂದ ಕೂಡಲೇ ಏನೂ ಕೇಳಬೇಡ, ಉತ್ತರ ಕೊಡಲೂ ತ್ರಾಣ ಬೇಕು.

ಅಮ್ಮ ಮತ್ತೆ "ಬಿದ್ಕೊಂಡು ಬಿದ್ಕೊಂಡೇ ಹೀಗಾಗಿದಾಳೆ, ಸ್ವಲ್ಪ ಮೈ ಬಗ್ಗಿಸ್ಲಿ" ಅಂದರೆ ನೀನೇ ಹೇಳು. ಇದು ಸುಸ್ತಿನದೇ ಕಾಯಿಲೆ, ಸೋಮಾರಿತನವಲ್ಲ ಎಂದು ಡಾಕ್ಟರು ಹೇಳಿದಾಗ ನೀನೂ ಪಕ್ಕದಲ್ಲಿದ್ದೆ. ನನ್ನ ಮಾತನ್ನು ಅವಳು ನಂಬುವುದಿಲ್ಲ.

ನೀನು ನಂಬುತ್ತೀಯ ತಾನೇ?

ಬಾಗಿಲಿಗೆ ಚಿಲಕ ಹಾಕಬೇಡ. ತಟ್ಟಲು ಕೈ ಏಳುವುದಿಲ್ಲ.

ಅಕ್ಕ